ಜಾಮೀನು ಯಾರು?

(ಮಂಡ್ಯ ಜಿಲ್ಲೆಯ ಒಂದು ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಹಾಲು ಹಾಕಿ, ಮನೆ ಕೆಲಸ ಮುಗಿಸಿ ಇಷ್ಟು ಜನ ಬಂದಿದ್ದೀರಿ, ಸಂತೋಷ. ನಾನು 14 ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದೆ. ಸಿನಿಮಾದಲ್ಲಿ ನೋಡುವ ಸಮುದ್ರದ ಕಡೆಯ ಕ್ಯಾಲಿಫೋರ್ನಿಯಾ ಅಲ್ಲ. ಒಳನಾಡಿನ ಟುಲೇರಿ ಕೌಂಟಿ. ಅಲ್ಲಿ ಹಾಲಿನ ಡೇರಿಗಳಿಗೆ ಲೆಕ್ಕ ಬರೆಯುವುದು ನನ್ನ ಕೆಲಸ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಟುಲೇರಿಯ ವಿಸ್ತೀರ್ಣ ನಮ್ಮ ಮಂಡ್ಯ ಜಿಲ್ಲೆಯ ಎರಡೂವರೆ ಪಟ್ಟು. ಆದರೆ 2020ರ ಜನಗಣತಿಯ ಪ್ರಕಾರ ಜನ ಇರುವುದು 4.73 ಲಕ್ಷ ಮಾತ್ರ. ಇಡೀ ಅಮೆರಿಕದಲ್ಲಿ ಹಾಲಿಗೆ ಹೆಸರಾದ ಜಿಲ್ಲೆಗಳ ಸಾಲಿನಲ್ಲಿ ಅದು ಮುಂದೆ ನಿಲ್ಲುತ್ತದೆ. ಅದಕ್ಕೇ ನಿಮ್ಮ ಸಂಘದವರು ಕರೆದಾಗ ಆ ಊರಿನ ಬಗ್ಗೆ ಹೇಳೋಣ ಅನ್ನಿಸಿತು. ಆದರೆ ಇವತ್ತು ಹಾಲಿನ ಮಾತು ಕಡಿಮೆ. ಮನೆಯ ಮಾತು ಜಾಸ್ತಿ.

ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮಣ್ಣಿನ ಗೋಡೆಯ ಮನೆ ಮಳೆಗೆ ಒಂದು ಕಡೆ ಕುಸಿಯಿತು. ಅಪ್ಪ ಹೊಸ ಮನೆಗೆ ಸಾಲ ಕೇಳಲು ಬ್ಯಾಂಕಿಗೆ ಹೋದರು. ಯಾವ ಬ್ಯಾಂಕು ಎಂಬುದು ಈಗ ಬೇಡ. ನಮ್ಮ ಮನೆ ಇದ್ದದ್ದು ಗ್ರಾಮಠಾಣದ ಆಚೆ, ನಮ್ಮದೇ ಹೊಲದ ಅಂಚಿನಲ್ಲಿ. "ಬೆಳೆಸಾಲ ಬೇಕಾದ್ರೆ ಕೊಡ್ತೀವಿ, ಹೊಲದಲ್ಲಿರೋ ಮನೆಗೆ ಕೊಡಕ್ಕಾಗಲ್ಲ. ಕೊಟ್ಟರೂ ಜಾಮೀನು ಯಾರು ಹಾಕ್ತಾರೆ?" ಅಂದರಂತೆ. ಅಪ್ಪ ವಾಪಸ್ ಬಂದು ಜಗುಲಿ ಮೇಲೆ ಕೂತು ಅವ್ವನಿಗೆ ಇದನ್ನು ಹೇಳಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊನೆಗೆ ಕೈಸಾಲ ತಂದರು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮನೆ ಎದ್ದಿತು. ಆದರೆ ಅದರ ಸಾಲ ತೀರುವಷ್ಟರಲ್ಲಿ ನನ್ನ ಅಕ್ಕನ ಓದು ನಿಂತು ಹೋಗಿತ್ತು.

ಟುಲೇರಿಯಲ್ಲಿ ಒಂದು ದಿನ ಡೇರಿಯ ಹಾಲು ಕರೆಯುವ ಕೆಲಸಗಾರರೊಬ್ಬರು ನನ್ನ ಹತ್ತಿರ ಕಾಗದದ ಕಟ್ಟು ಹಿಡಿದು ಬಂದರು. ಸಂಬಳದ ಪುರಾವೆ ಬೇಕಿತ್ತು. ಯಾತಕ್ಕೆ ಎಂದೆ. ಮನೆ ಸಾಲಕ್ಕೆ ಎಂದರು. ಯಾವ ಬ್ಯಾಂಕು ಎಂದೆ. ಬ್ಯಾಂಕಲ್ಲ, ಕೃಷಿ ಇಲಾಖೆ ಎಂದರು. ಕೃಷಿ ಇಲಾಖೆ ಮನೆಗೆ ಸಾಲ ಕೊಡುತ್ತದಾ! ನಾನು ಅವತ್ತೇ ಆ ಕಾಗದಗಳನ್ನೆಲ್ಲ ಕೂತು ಓದಿದೆ. ಆಮೇಲೆ ಬಿಡುವಾದಾಗೆಲ್ಲ ಅದರ ಹಿಂದಿನ ಕಥೆ ಹುಡುಕಿಕೊಂಡು ಹೋದೆ. ಅಪ್ಪನಿಗೆ ಕೇಳಿದ ಪ್ರಶ್ನೆಗೆ ಅಲ್ಲಿನವರು ಏನು ಉತ್ತರ ಕಂಡುಕೊಂಡರು ಎಂದು ನನಗೆ ತಿಳಿಯಬೇಕಿತ್ತು.

ಆ ಸಾಲ ಅರ್ಥವಾಗಬೇಕಾದರೆ ಆ ನೆಲ ಅರ್ಥವಾಗಬೇಕು. ಟುಲೇರಿ ಎಂಬ ಹೆಸರು ಬಂದದ್ದು ಜೊಂಡಿನಿಂದ. ಕೆರೆ ಅಂಚಿನಲ್ಲಿ ಆಳೆತ್ತರ ಬೆಳೆಯುತ್ತದಲ್ಲ, ಆ ಜೊಂಡು. ಅಲ್ಲಿ ಟುಲೇರಿ ಸರೋವರ ಅಂತ ಒಂದಿತ್ತು. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಅಷ್ಟು ದೊಡ್ಡ ಸಿಹಿನೀರಿನ ಸರೋವರ ಬೇರೆ ಇರಲಿಲ್ಲ. ಯೋಕಟ್ಸ್ ಜನ ಅದರ ದಡದಲ್ಲಿ ಜೊಂಡಿನಿಂದಲೇ ಮನೆ ಹೆಣೆದು, ಜೊಂಡಿನಿಂದಲೇ ದೋಣಿ ಕಟ್ಟಿ ಬದುಕಿದ್ದರು. ಆಮೇಲೆ ಬಂದವರು ಬೆಟ್ಟದಿಂದ ಇಳಿಯುವ ನದಿಗಳನ್ನೆಲ್ಲ ಕಾಲುವೆಗೆ ತಿರುಗಿಸಿದರು. ಸರೋವರ ಬತ್ತಿ ಹೊಲವಾಯಿತು. ಆ ತಳದ ಬಹುಭಾಗ ಈಗ ಪಕ್ಕದ ಕಿಂಗ್ಸ್ ಕೌಂಟಿಗೆ ಸೇರಿದೆ. 2023ರಲ್ಲಿ ಮಳೆ, ಹಿಮ ಜಾಸ್ತಿಯಾಗಿ ನೀರು ತನ್ನ ಹಳೇ ಜಾಗಕ್ಕೆ ವಾಪಸ್ ಬಂದು ಹೊಲಗಳ ಮೇಲೆ ನಿಂತಿತ್ತು. ನಾನು ರಸ್ತೆ ಮುಗಿಯುವಲ್ಲಿ ನಿಂತು ನೋಡಿದ್ದೇನೆ. ಕರೆಂಟು ಕಂಬಗಳು ನೀರಿನ ನಡುವೆ ಸಾಲಾಗಿ ಹೋಗುತ್ತಿದ್ದವು.

ಕೌಂಟಿ ಹುಟ್ಟಿದ್ದು 1852ರಲ್ಲಿ. ಮುಂದಿನ ವರ್ಷ ವೈಸೇಲಿಯಾ ಎಂಬ ಊರು ಅದರ ಕೇಂದ್ರವಾಯಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ರೈಲು ಬಂತು. ರೈಲಿನ ಕಂಪನಿಗೆ ಸರ್ಕಾರ ಹಳಿಯ ಅಕ್ಕಪಕ್ಕದ ಜಮೀನು ಕೊಟ್ಟಿತ್ತು. ಬನ್ನಿ, ಉಳುಮೆ ಮಾಡಿ, ಎಕರೆಗೆ ಎರಡೂವರೆ ಡಾಲರಿನಿಂದ ಬೆಲೆ ಶುರು ಎಂದು ಕಂಪನಿ ಜನರನ್ನು ಕರೆಯಿತು. ಜನ ಬಂದರು. ಕಾಲುವೆ ತೋಡಿದರು, ಮನೆ ಕಟ್ಟಿದರು. ನೆಲ ಹಸಿರಾದ ಮೇಲೆ ಕಂಪನಿ ಕೇಳಿದ್ದು ಎಕರೆಗೆ 17ರಿಂದ 40 ಡಾಲರ್. ತಮ್ಮ ಬೆವರಿನಿಂದ ಏರಿದ ಬೆಲೆಯನ್ನು ತಾವೇ ಕೊಡಬೇಕು! 1880ರ ಮೇ 11ರಂದು ಮಸಲ್ ಸ್ಲೂ ಎಂಬಲ್ಲಿ ರೈತರಿಗೂ ಕಂಪನಿಯ ಕಡೆಯವರಿಗೂ ಜಗಳವಾಗಿ ಗುಂಡು ಹಾರಿ ಏಳು ಜನ ಸತ್ತರು. ಆ ಜಾಗ ಆಗ ಟುಲೇರಿ ಕೌಂಟಿಯಲ್ಲೇ ಇತ್ತು. ಬರವಣಿಗೆಯಲ್ಲಿ ಗಟ್ಟಿ ಹಕ್ಕು ಇಲ್ಲದೆ ಮನೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಇಲ್ಲಿ ನಾವು ಮನೆ ಜಾಗದ ದಾಖಲೆಗೆ ಫಾರಂ 9, ಫಾರಂ 11 ಎಂದು ಪಂಚಾಯ್ತಿಗೆ ಅಲೆಯುವಾಗ ನನಗೆ ಆ ಊರು ನೆನಪಾಗುತ್ತದೆ.

ಇನ್ನೊಂದು ಊರಿನ ಕಥೆ ಹೇಳಲೇಬೇಕು. ಅಲೆನ್ಸ್‌ವರ್ತ್. ಕರ್ನಲ್ ಅಲೆನ್ ಅಲೆನ್ಸ್‌ವರ್ತ್ ಗುಲಾಮರಾಗಿ ಹುಟ್ಟಿದವರು. ಸೈನ್ಯ ಸೇರಿ ಲೆಫ್ಟಿನೆಂಟ್ ಕರ್ನಲ್ ದರ್ಜೆಗೆ ಏರಿ ನಿವೃತ್ತರಾದರು. ಕರಿಯ ಜನರಿಗೆ ತಮ್ಮದೇ ಒಂದು ಊರು ಬೇಕು, ಅಲ್ಲಿ ಯಾರ ಮುಂದೂ ತಲೆ ತಗ್ಗಿಸದೆ ಸ್ವಂತ ಮನೆಯಲ್ಲಿ ಬದುಕಬೇಕು ಎಂದು 1908ರಲ್ಲಿ ಟುಲೇರಿಯ ಬಯಲಲ್ಲಿ ಊರು ಕಟ್ಟಿದರು. ಶಾಲೆ ಬಂತು, ಗ್ರಂಥಾಲಯ ಬಂತು. ಆದರೆ ಜಮೀನು ಮಾರಿದ ಕಂಪನಿ ಒಪ್ಪಿಕೊಂಡಷ್ಟು ನೀರು ಕೊಡಲಿಲ್ಲ. 1914ರಲ್ಲಿ ರೈಲಿನ ನಿಲುಗಡೆ ಪಕ್ಕದ ಊರಿಗೆ ಹೋಯಿತು. ಅದೇ ವರ್ಷ ಕರ್ನಲ್ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಊರು ಮೆಲ್ಲಗೆ ಬರಿದಾಯಿತು. ಹಳೆಯ ಮನೆಗಳನ್ನು ಈಗ ರಾಜ್ಯ ಸರ್ಕಾರ ಸ್ಮಾರಕವಾಗಿ ಕಾಪಾಡಿದೆ. ನಾನು ಅಲ್ಲಿಗೆ ನಾಲ್ಕೈದು ಸಲ ಹೋಗಿದ್ದೇನೆ. ಪ್ರತಿ ಸಲವೂ ಅನ್ನಿಸಿದ್ದು ಒಂದೇ. ಆ ಜನಕ್ಕೆ ದುಡಿಮೆಯಾಗಲಿ ಧೈರ್ಯವಾಗಲಿ ಕಡಿಮೆ ಇರಲಿಲ್ಲ. ಅವರ ಪರವಾಗಿ ನಿಂತು ಜಾಮೀನು ಹಾಕುವವರು ಮಾತ್ರ ಯಾರೂ ಇರಲಿಲ್ಲ.

ಈಗ ಸಾಲಕ್ಕೆ ಬರುತ್ತೇನೆ. 1930ರ ದಶಕದಲ್ಲಿ ಅಮೆರಿಕದ ನಡುನಾಡಿನಲ್ಲಿ ಬರ ಬಿದ್ದು, ಧೂಳೆದ್ದು, ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಗೆ ಬಂದರು. ಟುಲೇರಿಯ ಹತ್ತಿ ಹೊಲ, ಹಣ್ಣಿನ ತೋಟಗಳಲ್ಲಿ ಕೂಲಿಗೆ ನಿಂತರು. ಕಾಲುವೆ ದಂಡೆಯಲ್ಲಿ ಟೆಂಟು ಹಾಕಿಕೊಂಡು ಮಲಗುತ್ತಿದ್ದರು. ಅವರಿಗಾಗಿ ಕೇಂದ್ರ ಸರ್ಕಾರ ಶಿಬಿರಗಳನ್ನು ಕಟ್ಟಿತು. ಲಿನೆಲ್, ವುಡ್‌ವಿಲ್ ಎಂಬ ಶಿಬಿರಗಳು ಈ ಕೌಂಟಿಯಲ್ಲೇ ಇದ್ದವು. ತಗಡಿನ ಗೂಡುಗಳು ಅವು. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ಒಳಗೆ ಹೇಗಿರಬೇಡ! ಸ್ವಲ್ಪ ದಿನಕ್ಕೆ ಎಂದು ಮಾಡಿದ್ದು ಮೂವತ್ತು ವರ್ಷವಾದರೂ ಹಾಗೇ ಉಳಿಯಿತು. ಅಷ್ಟರಲ್ಲಿ ಅಲ್ಲಿದ್ದವರು ಬಹುಪಾಲು ಮೆಕ್ಸಿಕೋ ಮೂಲದ ಕೂಲಿಗಳು. 1965ರಲ್ಲಿ ಅದೇ ಗೂಡುಗಳಿಗೆ ಬಾಡಿಗೆ ಏರಿಸಿದಾಗ ಜನ ಬಾಡಿಗೆ ಕೊಡುವುದಿಲ್ಲ ಎಂದು ಮುಷ್ಕರ ಹೂಡಿದರು. ರೈತ ಕೂಲಿಗಳ ಸಂಘಟಕ ಗಿಲ್ಬರ್ಟ್ ಪಡಿಯಾ ಅವರ ಜೊತೆ ನಿಂತರು.

ಹಳ್ಳಿಯವರಿಗೆ ಮನೆ ಸಾಲ ಕೊಡುವ ಕಾನೂನು ಬಂದದ್ದು 1949ರಲ್ಲಿ, ಟ್ರೂಮನ್ ಅಧ್ಯಕ್ಷರಾಗಿದ್ದಾಗ. ಅದರ 502ನೇ ಕಲಮಿನ ಹೆಸರಲ್ಲೇ ಇವತ್ತಿಗೂ ಈ ಸಾಲವನ್ನು ಕರೆಯುತ್ತಾರೆ. ಶುರುವಿನಲ್ಲಿ ಅದು ಸ್ವಂತ ಜಮೀನಿರುವ ರೈತನಿಗೆ ಮಾತ್ರ ಇತ್ತು. ಕೂಲಿಯವನಿಗೆ ಜಮೀನಿಲ್ಲ, ಹಾಗಾಗಿ ಸಾಲವೂ ಇಲ್ಲ. 1961ರಲ್ಲಿ ಕಾನೂನು ತಿದ್ದಿ, ಹಳ್ಳಿಯಲ್ಲಿ ಇರುವವರು ರೈತರಲ್ಲದಿದ್ದರೂ ಸಾಲ ಪಡೆಯಬಹುದು ಎಂದರು. ಇಡೀ ಕಥೆಯಲ್ಲಿ ಅತಿ ದೊಡ್ಡ ತಿರುವು ಇದೇ ಎಂದು ನನ್ನ ಅನಿಸಿಕೆ. 1968ರಲ್ಲಿ ಇನ್ನೊಂದು ಹೆಜ್ಜೆ. ತೀರಾ ಬಡವರಿಗೆ ಬಡ್ಡಿಯನ್ನು ಶೇಕಡಾ 1ರವರೆಗೂ ಇಳಿಸಲು ಅವಕಾಶವಾಯಿತು.

ಇದರಲ್ಲಿ ಈಗ ಎರಡು ದಾರಿ ಇವೆ. ಒಂದು ನೇರ ಸಾಲ. ಸರ್ಕಾರವೇ ಕೊಡುತ್ತದೆ. ಮುಂಗಡ ಹಣ ಕಟ್ಟಬೇಕಾಗಿಲ್ಲ. ತೀರಿಸಲು 33 ವರ್ಷ, ವರಮಾನ ತೀರಾ ಕಡಿಮೆಯಿದ್ದರೆ 38 ವರ್ಷ. ಆ ಪ್ರದೇಶದ ನಡುಮಟ್ಟದ ವರಮಾನದ ಶೇಕಡಾ 80ರ ಒಳಗೆ ದುಡಿಯುವವರಿಗೆ ಇದು. ಲೆಕ್ಕದ ಮನುಷ್ಯ ನಾನು, ಒಂದು ಲೆಕ್ಕ ಹೇಳುತ್ತೇನೆ ಕೇಳಿ. 2 ಲಕ್ಷ ಡಾಲರ್ ಸಾಲ, 33 ವರ್ಷ, ಶೇಕಡಾ 5 ಬಡ್ಡಿ ಎಂದರೆ ತಿಂಗಳ ಕಂತು ಸುಮಾರು 1,032 ಡಾಲರ್. ಬಡ್ಡಿ ಶೇಕಡಾ 1 ಆದರೆ ಅದೇ ಕಂತು ಸುಮಾರು 593. ತಿಂಗಳಿಗೆ 439 ಡಾಲರ್ ಉಳಿಯಿತು. ಹಾಲು ಕರೆಯುವವನ ಮನೆಯಲ್ಲಿ ಅಷ್ಟು ಹಣ ಏನೇನು ಮಾಡುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾ? ನನಗಂತೂ ಅಕ್ಕನ ಶಾಲೆಯೇ ಕಣ್ಮುಂದೆ ಬಂತು. ಆದರೆ ಈ ರಿಯಾಯಿತಿ ಸುಮ್ನೆ ಕೊಟ್ಟದ್ದಲ್ಲ. ಕಾಲಕಾಲಕ್ಕೆ ವರಮಾನ ನೋಡುತ್ತಾರೆ. ದುಡಿಮೆ ಏರಿದರೆ ರಿಯಾಯಿತಿ ಇಳಿಯುತ್ತದೆ. ಮುಂದೆ ಮನೆ ಮಾರಿದರೆ, ಬೆಲೆ ಏರಿದ್ದರಲ್ಲಿ ಒಂದು ಪಾಲು ಸರ್ಕಾರಕ್ಕೆ ವಾಪಸ್ ಹೋಗುತ್ತದೆ. ಇದು ನ್ಯಾಯವಾದ ಮಾತೇ. ಆ ಹಣದಿಂದ ಇನ್ನೊಬ್ಬರ ಮನೆ ಏಳಲಿ ಅಲ್ವಾ.

ಎರಡನೆಯದು ಜಾಮೀನು ಸಾಲ. ಇಲ್ಲಿ ಸಾಲ ಕೊಡುವುದು ಮಾಮೂಲಿ ಬ್ಯಾಂಕು. ಸರ್ಕಾರ ಅದರ ಬೆನ್ನಿಗೆ ಜಾಮೀನು ನಿಲ್ಲುತ್ತದೆ. ಸಾಲಗಾರ ಕಟ್ಟಲಾಗದೆ ಮನೆ ಹರಾಜಾದರೆ ಬ್ಯಾಂಕಿನ ನಷ್ಟವನ್ನು, ಸಾಲದ ಶೇಕಡಾ 90ರ ಮಿತಿಯೊಳಗೆ, ಸರ್ಕಾರ ತುಂಬುತ್ತದೆ. ಈ ದಾರಿ ತೆರೆದದ್ದು 1990ರ ಕಾನೂನಿನಿಂದ. ಇಲ್ಲೂ ಮುಂಗಡ ಬೇಡ. 30 ವರ್ಷ, ಬಡ್ಡಿ ಬದಲಾಗುವುದಿಲ್ಲ. ವರಮಾನದ ಮಿತಿ ನಡುಮಟ್ಟದ ಶೇಕಡಾ 115. ಅಂದರೆ ಶಾಲೆ ಮೇಷ್ಟ್ರು, ನರ್ಸು, ಲಾರಿ ಚಾಲಕ ಇಂಥವರಿಗೂ ಸಿಗುತ್ತದೆ. ಜಾಮೀನಿಗೆ ಶುಲ್ಕ ಉಂಟು. ಶುರುವಿನಲ್ಲಿ ಸಾಲದ ಶೇಕಡಾ 1, ಆಮೇಲೆ ಉಳಿದ ಸಾಲದ ಮೇಲೆ ವರ್ಷಕ್ಕೆ ಶೇಕಡಾ 0.35. 2 ಲಕ್ಷದ ಸಾಲಕ್ಕೆ ಮೊದಲು 2,000 ಡಾಲರ್, ಆಮೇಲೆ ತಿಂಗಳಿಗೆ 60 ಡಾಲರಿನ ಒಳಗೆ. ಸರ್ಕಾರದ ಸಹಿ ಬಿದ್ದ ಮೇಲೆ ಬ್ಯಾಂಕಿನವರು ಹಳ್ಳಿಯವನ ಮುಖ ನೋಡುವ ರೀತಿಯೇ ಬೇರೆ. ಅಪ್ಪನನ್ನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿನ ಕಾಗದದ ಮೊದಲ ಪುಟದಲ್ಲೇ ಬರೆದಿರುತ್ತದೆ.

ಹಳ್ಳಿ ಎಂದರೆ ಯಾವುದು ಎಂದು ಅಲ್ಲೂ ಜಗಳ ಇದೆ. ಬಯಲು ಪ್ರದೇಶ, ಸಣ್ಣ ಊರುಗಳು ಹಳ್ಳಿ. ದೊಡ್ಡ ನಗರದ ಸುತ್ತಿನಲ್ಲಿದ್ದರೆ 10,000 ಜನಕ್ಕೆ ಮಿತಿ, ದೂರವಿದ್ದರೆ 20,000. ಹಿಂದೆ ಪಟ್ಟಿಯಲ್ಲಿದ್ದ ಕೆಲವು ಊರುಗಳು 35,000 ಆಗುವವರೆಗೆ ಉಳಿಯಬಹುದು. 1.41 ಲಕ್ಷ ಜನರ ವೈಸೇಲಿಯಾಗೆ ಈ ಸಾಲ ಇಲ್ಲ. ವಿಳಾಸ ಹಾಕಿದರೆ ನಕ್ಷೆಯಲ್ಲಿ ಗೆರೆಯ ಒಳಗೋ ಹೊರಗೋ ಎಂದು ತೋರಿಸುತ್ತದೆ. ಗ್ರಾಮಠಾಣದ ಗೆರೆಯ ಹಾಗೇ ಇದೂ ಒಂದು ಗೆರೆ. ಒಂದು ವ್ಯತ್ಯಾಸ ಮಾತ್ರ ನನಗೆ ತುಂಬ ಹಿಡಿಸಿತು. ನಮ್ಮಲ್ಲಿ ಊರಿನಿಂದ ಹೊರಗೆ, ಹೊಲದ ಕಡೆ ಹೋದಷ್ಟೂ ಸಾಲ ಕಷ್ಟ. ಅಲ್ಲಿ ಹೊಲದ ಕಡೆ ಹೋದಷ್ಟೂ ಈ ಬಾಗಿಲು ಅಗಲ.

ಈಗ ನಿಮಗೆ ನಾನು ನಿಜವಾಗಿ ಹೇಳಬೇಕೆಂದು ಬಂದ ವಿಷಯ. ಗೋಶನ್ ಎಂಬ ಊರಿದೆ, ವೈಸೇಲಿಯಾದ ಪಕ್ಕದಲ್ಲೇ, ಹೆದ್ದಾರಿ ಬದಿಗೆ. 1960ರ ದಶಕದ ಆರಂಭದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಸೇವಾ ಸಂಸ್ಥೆಯೊಂದು ಇಲ್ಲಿ ಕೂಲಿಗಳ ನಡುವೆ ಕೆಲಸ ಮಾಡುತ್ತಿತ್ತು. ಬಾರ್ಡ್ ಮೆಕಾಲಿಸ್ಟರ್ ಅದರ ಕಾರ್ಯಕರ್ತರು. ಸಾಲದ ಬಾಗಿಲು ಈಗಷ್ಟೇ ತೆರೆದಿದೆ, ಆದರೆ ಕೂಲಿಯವನ ವರಮಾನಕ್ಕೆ ಸಿಗುವ ಸಾಲದಲ್ಲಿ ಗುತ್ತಿಗೆದಾರ ಮನೆ ಕಟ್ಟಿಕೊಡಲಾರ. ಏನು ಮಾಡುವುದು? ಮೂರು ಕುಟುಂಬಗಳು ಮುಂದೆ ಬಂದವು. ನಾವೇ ಕಟ್ಟುತ್ತೇವೆ, ಒಬ್ಬರ ಮನೆಗೆ ಇನ್ನೊಬ್ಬರು ಕೈ ಹಾಕುತ್ತೇವೆ ಎಂದರು. ಹೊಲದ ಕೆಲಸ ಮುಗಿಸಿ ಬಂದು ಅಡಿಪಾಯ ತೋಡಿದರು. ಮೂರು ಮನೆಗಳು ಎದ್ದವು. 1965ರಲ್ಲಿ ಇದೇ ಕೆಲಸಕ್ಕೆಂದು ವೈಸೇಲಿಯಾದಲ್ಲಿ ಸೆಲ್ಫ್-ಹೆಲ್ಪ್ ಎಂಟರ್‌ಪ್ರೈಸಸ್ ಎಂಬ ಸಂಸ್ಥೆ ಹುಟ್ಟಿತು. ಆ ಭಾಗದಲ್ಲಿ ಅವರ ಜೊತೆ ಸೇರಿ ಜನ ಕಟ್ಟಿಕೊಂಡ ಮನೆಗಳು ಇವತ್ತಿಗೆ ಸಾವಿರಾರು. 1968ರಲ್ಲಿ ಕೇಂದ್ರದ ಕಾನೂನೇ ಈ ಪದ್ಧತಿಗೆ ಹಣ ಕೊಡುವಂತಾಯಿತು. ದೇಶದ ಬೇರೆ ಕಡೆಗಳಿಗೂ ಇದು ಹಬ್ಬಿತು.

ಇದನ್ನು ಓದಿದಾಗ ನನ್ನ ಬಾಯಿಗೆ ಬಂದದ್ದು ನಮ್ಮದೇ ಮಾತು. ಮುಯ್ಯಾಳು! ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಇಲ್ಲಿ ಕೂತಿರುವ ಹಿರಿಯರು ಅದನ್ನು ಮಾಡಿದ್ದೀರಿ. ಅದೇ ಮುಯ್ಯಾಳು ಪದ್ಧತಿಯನ್ನು ಅಲ್ಲಿ ಸಾಲದ ಕಾಗದಕ್ಕೆ ಸೇರಿಸಿದ್ದಾರೆ. ಹತ್ತರ ಆಸುಪಾಸು ಕುಟುಂಬಗಳ ಒಂದು ಗುಂಪು. ಪ್ರತಿ ಕುಟುಂಬಕ್ಕೂ ಅದರದೇ ಹೆಸರಿನಲ್ಲಿ 502ರ ನೇರ ಸಾಲ. ಕಟ್ಟುವ ಕೆಲಸದಲ್ಲಿ ಸುಮಾರು ಶೇಕಡಾ 65 ಅವರೇ ಮಾಡಬೇಕು. ಮೇಲುಸ್ತುವಾರಿಗೆ ಸಂಸ್ಥೆಯ ಮೇಸ್ತ್ರಿ ಇರುತ್ತಾರೆ. ವಾರದ ದುಡಿಮೆ ಮುಗಿಸಿ, ಸಂಜೆ ಮತ್ತು ರಜೆಯ ದಿನ ಬಂದು ಮೊಳೆ ಹೊಡೆಯುತ್ತಾರೆ, ಚೌಕಟ್ಟು ಎತ್ತುತ್ತಾರೆ, ಬಣ್ಣ ಬಳಿಯುತ್ತಾರೆ. ಸುಮಾರು ಒಂದು ವರ್ಷ ಹಿಡಿಯುತ್ತದೆ. ನನ್ನ ಹತ್ತಿರ ಸಂಬಳದ ಪುರಾವೆಗೆ ಬಂದಿದ್ದರಲ್ಲ, ಅವರು ಮತ್ತು ಅವರ ಹೆಂಡತಿ ಈ ಗುಂಪಿನಲ್ಲಿದ್ದರು. ಆ ವರ್ಷ ಅವರು ಎಷ್ಟು ಸೊರಗಿದ್ದರು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಬೆಳಗಿನ ಜಾವ ಹಸುಗಳ ಹತ್ತಿರ, ಸಂಜೆ ಮನೆಯ ಅಡಿಪಾಯದ ಹತ್ತಿರ.

ಈಗ ಅಲ್ಲಿನ ಕೊರತೆಯನ್ನೂ ಹೇಳಬೇಕು. ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ನೇರ ಸಾಲಕ್ಕೆ ಪ್ರತಿ ವರ್ಷ ಸಂಸತ್ತು ಹಣ ಇಡಬೇಕು. 1970ರ ದಶಕದಲ್ಲಿ ದೇಶದಲ್ಲಿ ವರ್ಷಕ್ಕೆ ಲಕ್ಷ ಮನೆ ದಾಟಿದ್ದೂ ಉಂಟು. ಈಗ ಕೆಲವೇ ಸಾವಿರ. ಜಾಮೀನು ಸಾಲ ಬೆಳೆದಿದೆ, ಆದರೆ ಅದು ತೀರಾ ಬಡವರ ಕೈಗೆ ಎಟುಕುವುದು ಕಷ್ಟ. ಇನ್ನೊಂದು, ಈ ಸಾಲ ಆ ದೇಶದ ಪೌರರಿಗೆ, ಕಾಯಂ ವಾಸದ ಹಸಿರು ಕಾರ್ಡ್ ಇರುವಂಥವರಿಗೆ ಮಾತ್ರ. ನನ್ನ ಹಾಗೆ ಕೆಲಸದ ವೀಸಾ ಮೇಲೆ ಹೋದವರಿಗೆ ಇಲ್ಲ. ನಮಗೆ ಬೇರೆ ದಾರಿ ಇರುತ್ತದೆ, ಅದರ ಚಿಂತೆ ಬಿಡಿ. ಆದರೆ ಆ ಕೌಂಟಿಯ ಕಿತ್ತಳೆ, ದ್ರಾಕ್ಷಿ ಕೀಳುವ ಕೈಗಳಲ್ಲಿ ಎಷ್ಟೋ ಜನರ ಬಳಿ ಯಾವ ಕಾಗದವೂ ಇಲ್ಲ. ವರ್ಷಕ್ಕೆ ಸುಮಾರು 800 ಕೋಟಿ ಡಾಲರ್ ಬೆಲೆಯ ಬೆಳೆ, ಹಾಲು ಕೊಡುವ ನೆಲದಲ್ಲಿ, ಅದನ್ನು ದುಡಿದು ಕೊಡುವವರೇ ಶೆಡ್ಡಿನಲ್ಲಿ ಮಲಗುತ್ತಾರೆ. ಇದು ನನ್ನನ್ನು ಅಲ್ಲಿದ್ದಷ್ಟು ದಿನವೂ ಕಾಡಿತು, ಈಗಲೂ ಕಾಡುತ್ತದೆ.

ಮತ್ತೆ ನೀರು. 2014ರ ಬರದಲ್ಲಿ ಈಸ್ಟ್ ಪೋರ್ಟರ್‌ವಿಲ್ ಎಂಬಲ್ಲಿ ನೂರಾರು ಮನೆಗಳ ಬಾವಿ ಒಣಗಿದವು. ನಲ್ಲಿ ತಿರುಗಿಸಿದರೆ ಗಾಳಿ. ಅಂಗಳಕ್ಕೆ ಟ್ಯಾಂಕು ತಂದಿಟ್ಟು ನೀರು ತುಂಬಿದರು. ಆಮೇಲೆ ಪಕ್ಕದ ಪಟ್ಟಣದ ಪೈಪು ಎಳೆದರು. ಸುತ್ತಲಿನ ದೊಡ್ಡ ತೋಟಗಳ ಕೊಳವೆ ಬಾವಿಗಳು ಆಳ ಆಳಕ್ಕೆ ಹೋಗುತ್ತಿದ್ದರೆ ಮನೆಯ ಸಣ್ಣ ಬಾವಿಗೆ ಏನು ಉಳಿಯುತ್ತದೆ? ನೀರಿಲ್ಲದ ಮನೆಗೆ ಬೆಲೆಯಿಲ್ಲ, ಆದರೆ ಕಂತು ನಿಲ್ಲುವುದಿಲ್ಲ. ಅಲೆನ್ಸ್‌ವರ್ತ್ ಜನ ನೂರು ವರ್ಷ ಹಿಂದೆ ಕಂಡದ್ದೂ ಇದನ್ನೇ.

ಮಾತು ಮುಗಿಸಿದ ಮೇಲೆ ಸಂಘದ ಒಬ್ಬ ಅಕ್ಕ ಎದ್ದು ಕೇಳಿದರು: "ನಮ್ಮಲ್ಲೂ ಸರ್ಕಾರ ಮನೆ ಕೊಡ್ತದಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?" ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಸಿಗುವುದು ಸಹಾಯಧನ. 2016ರಲ್ಲಿ ಶುರುವಾದ ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ. ಅದನ್ನು ವಾಪಸ್ ಕೊಡಬೇಕಾಗಿಲ್ಲ, ಅದು ದೊಡ್ಡ ಉಪಕಾರ. ಆದರೆ ಮನೆ ಅಷ್ಟರಲ್ಲಿ ಮುಗಿಯುವುದಿಲ್ಲ. ಉಳಿದದ್ದಕ್ಕೆ ನಾವು ಮತ್ತೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯವನ ಹತ್ತಿರವೇ ಹೋಗುತ್ತೇವೆ. ಆ ಉಳಿದ ಭಾಗಕ್ಕೆ, ದೀರ್ಘ ಕಾಲಕ್ಕೆ, ಕಡಿಮೆ ಬಡ್ಡಿಗೆ ಯಾರಾದರೂ ಜಾಮೀನು ನಿಂತರೆ? ದಿನಾ ಎರಡು ಹೊತ್ತು ಹಾಲು ಹಾಕುವ ಮನೆಯ ದುಡ್ಡಿನ ಲೆಕ್ಕ ಈ ಸಂಘದ ಪುಸ್ತಕದಲ್ಲೇ ಇದೆ. ಅದಕ್ಕಿಂತ ಗಟ್ಟಿ ಪುರಾವೆ ಯಾವ ಬ್ಯಾಂಕಿಗೆ ಬೇಕು? ಇದನ್ನು ನೀವು ಕೂತು ಯೋಚಿಸಿ ಎಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಕಾಗದ, ಲೆಕ್ಕದ ಕೆಲಸಕ್ಕೆ ನಾನು ಬರುತ್ತೇನೆ.

ಇನ್ನೊಬ್ಬ ಹುಡುಗ ಕೇಳಿದ: "ಅಲ್ಲ ಸಾರ್, ತಮ್ಮ ಮನೆ ಮೊದಲು ಮುಗಿದವರು ಇನ್ನೊಬ್ಬರ ಮನೆಗೆ ಯಾಕೆ ಬರ್ತಾರೆ? ಕೈ ಕೊಟ್ಟು ಹೋಗಲ್ವಾ?"

ಅದಕ್ಕೆ ಅಲ್ಲಿ ಒಂದು ನಿಯಮ ಇದೆ ಮಗೂ. ಗುಂಪಿನ ಕೊನೆಯ ಮನೆ ಮುಗಿಯುವವರೆಗೆ ಯಾರೂ ಒಳಗೆ ವಾಸಕ್ಕೆ ಹೋಗುವ ಹಾಗಿಲ್ಲ. ನಿನ್ನ ಮನೆಗೆ ಬಣ್ಣ ಬಿದ್ದು ಹೊಳೆಯುತ್ತಿದ್ದರೂ, ಪಕ್ಕದ ಮನೆಯ ಬಾಗಿಲು ಕೂರುವವರೆಗೆ ನೀನು ಬಾಡಿಗೆ ಮನೆಯಲ್ಲೇ. ಆ ಹಾಲು ಕರೆಯುವವರ ಗುಂಪಿಗೆ ಬೀಗದ ಕೈ ಕೊಡುವ ದಿನ ನಾನೂ ಹೋಗಿದ್ದೆ. ಒಂದೇ ಬೆಳಿಗ್ಗೆ, ಒಂದೇ ಬೀದಿಯ ಎಲ್ಲ ಬಾಗಿಲುಗಳೂ ತೆರೆದವು. ಮಕ್ಕಳು ಯಾವುದು ಯಾರ ಮನೆ ಎಂದು ನೋಡದೆ ಎಲ್ಲದರೊಳಗೂ ಓಡಾಡುತ್ತಿದ್ದರು.